ಒಳಗೆ ಬಿಟ್ಟದ್ದು ಯಾರನ್ನು? ಕುಂಬಳೆಯ ಒಂದು ಸ್ಟುಡಿಯೋ, ನಾಲ್ವರು ಫೋಟೋಗ್ರಾಫರ್‌ಗಳು

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ರಸ್ತೆ ಬದಿಯ ಕಟ್ಟಡಗಳು ಸಾಲಾಗಿ ಬಿದ್ದವು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಹಾಗೆ ಬಿದ್ದ ಒಂದು ಕಟ್ಟಡದ ಕೆಳಗಿನ ಎರಡು ಕೋಣೆಗಳಲ್ಲಿ 1989ರಿಂದ ಫೋಟೋ ಸ್ಟುಡಿಯೋ ಇತ್ತು. ಬಾಡಿಗೆ ಕೋಣೆ. ಪರಿಹಾರ ಕಟ್ಟಡದ ಧಣಿಗೆ ಹೋಯಿತು, ಸ್ಟುಡಿಯೋದವರಿಗೆ ಸಿಕ್ಕಿದ್ದು ಖಾಲಿ ಮಾಡಲು ಒಂದಿಷ್ಟು ಸಮಯ. ಬೇರೆ ಕಡೆ ಕೌಂಟರ್ ಹಾಕಬೇಕಾ, ಇಲ್ಲಾ ಇಲ್ಲಿಗೇ ಸಾಕಾ ಅಂತ ಯಜಮಾನರು ತಲೆ ಕೆಡಿಸಿಕೊಂಡು ಕೂತರು.

ನಾನು ಈ ಊರಿನ ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವವನು. ಕ್ಯಾಮೆರಾ ಹಿಡಿಯಲು ಬರುವುದಿಲ್ಲ. ಆದರೆ ಆ ಸ್ಟುಡಿಯೋದ ಪುಸ್ತಕಗಳು ಬಹಳ ವರ್ಷಗಳಿಂದ ನನ್ನ ಕೈಯಲ್ಲೇ ಇವೆ. ಅಲ್ಲಿ ಕೆಲಸ ಕಲಿತು ಹೊರಟವರಲ್ಲಿ ಇಬ್ಬರ ಲೆಕ್ಕವನ್ನೂ ಆಮೇಲೆ ನಾನೇ ನೋಡಿದ್ದೇನೆ. ಯಜಮಾನರನ್ನು ಸೇರಿಸಿ ನಾಲ್ವರು ಇವತ್ತಿಗೂ ಕ್ಯಾಮೆರಾದಿಂದಲೇ ಹೊಟ್ಟೆ ಹೊರೆಯುತ್ತಿದ್ದಾರೆ, ಒಬ್ಬರ ದಾರಿಗೂ ಇನ್ನೊಬ್ಬರ ದಾರಿಗೂ ಸಂಬಂಧವೇ ಇಲ್ಲ. ಹೆಸರು ಹಾಕಬೇಡಿ ಅಂತ ನಾಲ್ವರೂ ಹೇಳಿದ್ದರಿಂದ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ಫೋಟೋಗ್ರಫಿ ಅಂದ ಕೂಡಲೇ ಪ್ರತಿಭೆ, ಕಣ್ಣು, ಲೆನ್ಸು ಅಂತ ಮಾತು ಶುರುವಾಗುತ್ತದೆ. ಅದೆಲ್ಲ ಬೇಡ ಅಂತಲ್ಲ. ಆದರೆ ಈ ನಾಲ್ವರ ಬದುಕು ನೋಡಿದ ಮೇಲೆ ನನಗೆ ಬೇರೆಯೇ ಕಾಣುತ್ತದೆ. ಜನ ಯಾರನ್ನು ಎಲ್ಲಿಯವರೆಗೆ ಒಳಗೆ ಬಿಟ್ಟರು, ಅದರ ಮೇಲೆಯೇ ಅವರವರ ದಾರಿ ತಿರುಗಿದೆ.

ಮೊದಲು ಯಜಮಾನರು. ಊರಿಗೆಲ್ಲ ಅವರು ಸ್ಟುಡಿಯೋದಣ್ಣ. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಗುಡಿಸಿ ಒರೆಸುವುದರಿಂದ ಶುರು ಮಾಡಿ ಡಾರ್ಕ್‌ರೂಮಿಗೆ ಏರಿ, ಕುಂಬಳೆಗೆ ಬಂದು ಸ್ವಂತ ಬೋರ್ಡು ಹಾಕಿದವರು. ಬೋರ್ಡಿನಲ್ಲಿ ಕನ್ನಡ, ಮಲಯಾಳ ಎರಡೂ. ಕಪ್ಪುಬಿಳುಪು ಇಲ್ಲೇ ತೊಳೆಯುತ್ತಿದ್ದರು. ಕಲರ್ ರೋಲ್ ಮಾತ್ರ ಮಂಗಳೂರಿನ ಲ್ಯಾಬಿಗೆ ಹೋಗಬೇಕು. ಬೆಳಿಗ್ಗೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೋಲಿನ ಕವರ್ ಕೊಟ್ಟರೆ ಸಂಜೆಗೋ ಮರುದಿನಕ್ಕೋ ಇನ್ನೊಬ್ಬ ಕಂಡಕ್ಟರ್ ಕೈಯಲ್ಲಿ ಪ್ರಿಂಟ್ ಬರುತ್ತಿತ್ತು. ಒಂದು ಮದುವೆಯ ಇಡೀ ನೆನಪು ಕೇರಳ ಬಸ್ಸೋ ಕರ್ನಾಟಕ ಬಸ್ಸೋ ಅಂತ ನೋಡದೆ ಡ್ರೈವರ್ ಸೀಟಿನ ಹಿಂದೆ ಗಡಿ ದಾಟಿ ಹೋಗಿಬರುತ್ತಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ.

ಅವರ ಪುಸ್ತಕದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಪಾಸ್‌ಪೋರ್ಟ್ ಸೈಜಿನ ಸಾಲು. ಮದುವೆ ಆರ್ಡರಿನ ಮೊತ್ತ ದೊಡ್ಡದು, ಆದರೆ ಬಂದು ಬಂದು ನಿಲ್ಲುತ್ತದೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ಕಳೆದರೆ ನೇಮ (ಭೂತದ ಕೋಲ) ಇಲ್ಲ, ಯಕ್ಷಗಾನದ ಆಟ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಹಿಂದೂ ಮದುವೆಯೂ ಇಲ್ಲ. ಹೊರಗೆ ಧೋ ಅಂತ ಮಳೆ. ಆ ತಿಂಗಳುಗಳಲ್ಲಿ ಬಾಡಿಗೆ ಕಟ್ಟಿದ್ದು ಗಲ್ಫಿಗೆ ಹೊರಟವರ ಪಾಸ್‌ಪೋರ್ಟ್ ಫೋಟೋ, ಶಾಲೆ ಮಕ್ಕಳ ಫೋಟೋ, ಸರ್ಕಾರಿ ಕೆಲಸಕ್ಕೆ ಹಾಕುವ ಕೇರಳ ಪಿ.ಎಸ್.ಸಿ. ಅರ್ಜಿಯ ಫೋಟೋ. ಪಿ.ಎಸ್.ಸಿ. ಫೋಟೋದ ಕೆಳಗೆ ಹೆಸರು, ತೆಗೆದ ತಾರೀಕು ಅಚ್ಚಾಗಿರಬೇಕು. ಅದು ಗೊತ್ತಿಲ್ಲದೆ ಬೇರೆಲ್ಲೋ ತೆಗೆಸಿಕೊಂಡು, ಅರ್ಜಿ ತಿರಸ್ಕಾರವಾದ ಮೇಲೆ ಇವರ ಹತ್ತಿರ ಬಂದವರು ಬೇಕಾದಷ್ಟು ಜನ. ಆಮೇಲೆ ಅಕ್ಷಯ ಕೇಂದ್ರಗಳಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರಗಳು) ಅರ್ಜಿ ತುಂಬುವಲ್ಲೇ ಫೋಟೋ ಹೊಡೆಯತೊಡಗಿದರು, ಮೊಬೈಲ್ ಬಂತು, ಈ ಸಾಲು ಸಣ್ಣಗಾಗುತ್ತಾ ಬಂತು. 2012ರ ಜನವರಿಯಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದ ಸುದ್ದಿಯನ್ನು ಪೇಪರಿನಲ್ಲಿ ಓದಿ ಅವರು ಅಂದದ್ದು ಇಷ್ಟೇ: "ಅವರೇ ನಿಲ್ಲಲಿಲ್ಲ ಮಾರಾಯ, ನಾವು ಇನ್ನೂ ನಿಂತಿದ್ದೇವಲ್ಲ."

ಕಡಿಮೆ ಆಗದೆ ಉಳಿದದ್ದು ಒಂದು ಕೆಲಸ: ತೀರಿಕೊಂಡವರ ಫೋಟೋ. ಸಾವಾದ ಮನೆಯಿಂದ ಯಾರೋ ಒಬ್ಬರು ಬರುತ್ತಾರೆ, ಕೈಯಲ್ಲಿ ಒಂದು ಹಳೇ ಗ್ರೂಪ್ ಫೋಟೋ. ಅದರಲ್ಲಿ ಎರಡನೇ ಸಾಲಿನಲ್ಲಿ, ಅರ್ಧ ಮುಖ ಇನ್ನೊಬ್ಬರ ಭುಜದ ಹಿಂದೆ, ಅವರ ಅಪ್ಪ. ಬೇರೆ ಫೋಟೋ ಇಲ್ಲ. ಉತ್ತರಕ್ರಿಯೆಗೆ ಮೊದಲು ಫ್ರೇಮ್ ಬೇಕು. ಸ್ಟುಡಿಯೋದಣ್ಣ ಅದನ್ನು ಸ್ಕ್ಯಾನ್ ಮಾಡಿ, ಮುಖ ಕತ್ತರಿಸಿ, ಕಾಣದ ಕಿವಿಯನ್ನು ಕಾಣುವ ಕಿವಿಯಿಂದ ತಿರುಗಿಸಿ ಹಾಕಿ, ಬೇರೆಯವರ ಮೈಯಿಂದ ಬಿಳಿ ಅಂಗಿ ತಂದು ಕೂರಿಸುತ್ತಾರೆ. ನಡುವೆ ಹತ್ತು ಪ್ರಶ್ನೆ ಕೇಳುತ್ತಾರೆ. ಅಪ್ಪ ಕೂದಲು ಯಾವ ಕಡೆ ಬಾಚುತ್ತಿದ್ದರು, ಶಾಲು ಹಾಕುತ್ತಿದ್ದರಾ, ಎದೆಗೆ ಪೆನ್ನು ಸಿಕ್ಕಿಸುತ್ತಿದ್ದರಾ. ಒಮ್ಮೆ ನಾನು ಅಲ್ಲೇ ಕೂತಿದ್ದೆ. ಒಬ್ಬ ಮಗಳು ಸ್ಕ್ರೀನ್ ನೋಡಿ, "ಅಪ್ಪ ಇಷ್ಟು ಬೆಳ್ಳಗೆ ಇರಲಿಲ್ಲ, ಸ್ವಲ್ಪ ಕಪ್ಪು ಮಾಡಿ" ಅಂದಳು. ಅವರು ಒಂದಿಷ್ಟು ಇಳಿಸಿದರು. "ಹ್ಞಾಂ, ಈಗ ಅಪ್ಪ" ಅಂದಳು. ಗಿರಾಕಿ ಬಂದರೆ ಸಾಕು ಅಂತ ಎಲ್ಲರ ಮುಖ ಬೆಳ್ಳಗೆ ಮಾಡಿ ಕೊಡುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಈ ಕೆಲಸದಿಂದ ಅವರಿಗೆ ದುಡ್ಡಿಗಿಂತ ಜಾಸ್ತಿ ಸಿಕ್ಕಿದ್ದು ಮನೆಗಳ ಪರಿಚಯ. ಸಾವಿಗೆ ಬಂದವರು ಮದುವೆಗೂ ಬಂದರು. ದೇವಸ್ಥಾನದ ಕಮಿಟಿಯವರು ಬಂದರು. ಕಣಿಪುರ ದೇವಸ್ಥಾನದ ಕುಂಬಳೆ ಬೆಡಿ (ಜಾತ್ರೆಯ ಸುಡುಮದ್ದು), ಊರೂರ ಬ್ರಹ್ಮಕಲಶ, ತರವಾಡು ಮನೆಗಳ (ಕುಟುಂಬದ ಮೂಲಮನೆಗಳ) ಪ್ರತಿಷ್ಠೆ, ಎಲ್ಲ ಕಡೆ "ಅವರಾದರೆ ಒಳಗೆ ಬರಲಿ" ಅಂತ ಹೇಳುವವರು ಹುಟ್ಟಿಕೊಂಡರು. ಅಂಗಿ ತೆಗೆದು, ಪಂಚೆ ಉಟ್ಟು, ಕ್ಯಾಮೆರಾ ಮಾತ್ರ ಕುತ್ತಿಗೆಗೆ ಹಾಕಿಕೊಂಡು ಅಂಗಳದ ಮೂಲೆಯಲ್ಲಿ ನಿಲ್ಲುವ ಅವರ ರೀತಿ ಊರಿಗೆಲ್ಲ ಗೊತ್ತು.

ಎರಡನೆಯವನು ಮೊಗ್ರಾಲಿನ ಹುಡುಗ. ಹುಡುಗ ಅಂದರೆ ಈಗ ಐವತ್ತರ ಹತ್ತಿರ. 1993ರಲ್ಲಿ ಸ್ಟುಡಿಯೋಗೆ ಸೇರಿ, 1998ರಲ್ಲಿ ಮಾವನ ಮೂಲಕ ವೀಸಾ ಸಿಕ್ಕಿ ಶಾರ್ಜಾಕ್ಕೆ ಹೋದ. ಅಲ್ಲಿ ಸ್ಟುಡಿಯೋ ಕೆಲಸ, ಆಮೇಲೆ ಅಂಗಡಿಗಳ ಕ್ಯಾಟಲಾಗ್. ಅತ್ತರಿನ ಬಾಟಲಿ, ಅಬಾಯ, ಚಿನ್ನ, ಖರ್ಜೂರದ ಡಬ್ಬ. ಬಿಳಿ ಹಿನ್ನೆಲೆ, ಎರಡು ಲೈಟು, ಒಂದೇ ಕೋನ, ದಿನಕ್ಕೆ ನೂರಾರು ಫ್ರೇಮ್. ಗಾಜಿನ ಬಾಟಲಿಯಲ್ಲಿ ಲೈಟಿನ ಪ್ರತಿಬಿಂಬ ಒಂದು ನೇರ ಗೆರೆಯಾಗಿ ಬೀಳಬೇಕು, ಅದೊಂದು ಕಲಿತರೆ ಕೆಲಸಕ್ಕೆ ಬರವಿಲ್ಲ ಅಂತ ಅವನೇ ಹೇಳುತ್ತಾನೆ. 2020ರ ಕೊರೋನಾದಲ್ಲಿ ವಾಪಸ್ ಬಂದು, ಈಗ ಕಾಸರಗೋಡು ಪೇಟೆಯಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಆನ್‌ಲೈನ್ ಮಾರುವವರಿಗೆ ಇದೇ ಕೆಲಸ ಮಾಡುತ್ತಾನೆ. ಒಂದು ಐಟಂಗೆ ಇಂತಿಷ್ಟು. ಕಲೆ ಎಲ್ಲಿ ಅಂತ ಕೇಳಿದರೆ ನಗುತ್ತಾನೆ. ಮನೆ ಕಟ್ಟಿದ್ದಾನೆ, ಮಕ್ಕಳನ್ನು ಓದಿಸಿದ್ದಾನೆ. ಅವನ ದಾರಿಯ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲು ಇಲ್ಲ, ಅವನಿಗೂ ಹೇಳಿಸಿಕೊಳ್ಳುವ ಆಸೆ ಇಲ್ಲ.

ಮೂರನೆಯವರು ಪೆರ್ಲದ ಕಡೆಯವರು. 1999ರಿಂದ 2007ರವರೆಗೆ ಸ್ಟುಡಿಯೋದಲ್ಲಿದ್ದರು. ನಾಲ್ವರಲ್ಲಿ ನಿಜವಾದ ಕಣ್ಣು ಇರುವುದು ಇವರಿಗೇ ಅಂತ ಸ್ಟುಡಿಯೋದಣ್ಣನೇ ಒಪ್ಪುತ್ತಾರೆ. ಯಕ್ಷಗಾನದ ಹುಚ್ಚು. ಮದುವೆ ಆರ್ಡರ್ ಇದ್ದ ರಾತ್ರಿಯೂ ಚೆಂಡೆ ಕೇಳಿದರೆ ಬೈಕ್ ಆ ಕಡೆ ತಿರುಗುತ್ತಿತ್ತು. ವೇದಿಕೆಯ ಎದುರು ನಿಂತು ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ಇವರು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋದರು. ಹೋದ ಕೂಡಲೇ ಫೋಟೋ ಹೊಡೆಯಲಿಲ್ಲ, ಒಂದು ಸೀಸನ್ ಪೂರ್ತಿ ಸುಮ್ನೆ ಕೂತರು, ಚಾ ತಂದುಕೊಟ್ಟರು, ಗೆಜ್ಜೆ ಕಟ್ಟಲು ಕೈ ಕೊಟ್ಟರು. ಬಣ್ಣದ ವೇಷದವರು ಚುಟ್ಟಿ ಇಡಲು ಕೂತರೆ ಗಂಟೆಗಟ್ಟಲೆ ಆಗುತ್ತದೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಏರಿಸುತ್ತಾ ಹೋಗುತ್ತಾರೆ. ಕೈ ಅಲುಗಬಾರದು, ಮಾತಾಡಬಾರದು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕ್ಯಾಮೆರಾ ಕ್ಲಿಕ್ ಅನ್ನುವುದನ್ನು ಕಲಾವಿದ ಸಹಿಸಿಕೊಳ್ಳಬೇಕಾದರೆ ಪಕ್ಕದಲ್ಲಿರುವವನು ತಮ್ಮವನೇ ಆಗಿರಬೇಕು, ಅಲ್ವಾ?

ಭೂತದ ಕೋಲ, ತೆಯ್ಯಂಗಳಲ್ಲೂ ಹಾಗೆಯೇ. ಕೆಲವು ತರವಾಡುಗಳಲ್ಲಿ ಫೋಟೋವೇ ನಿಷೇಧ, ಕೆಲವು ಕಡೆ ಫ್ಲ್ಯಾಶ್ ಬೇಡ, ಕೆಲವು ಕಡೆ ಮುಡಿ (ದೈವದ ತಲೆಯ ಅಲಂಕಾರ) ಏರುವ ಹೊತ್ತಿಗೆ ಕ್ಯಾಮೆರಾ ಕೆಳಗಿಡಬೇಕು. ಇವರಿಗೆ ಊರೂರಿನ ಕಟ್ಟಳೆ ಬಾಯಿಪಾಠ. ದೊಂದಿಯ ಬೆಳಕಿನಲ್ಲಿ ಕೆಂಪು ಬಣ್ಣ ಉರಿದು ಹೋಗದ ಹಾಗೆ ಎಕ್ಸ್‌ಪೋಶರ್ ತಗ್ಗಿಸುವುದು, ಈಗಿನ ಎಲ್‌ಇಡಿ ಲೈಟಿನಲ್ಲಿ ಪಟ್ಟಿಪಟ್ಟಿ ಬರದ ಹಾಗೆ ಶಟರ್ 1/50 ಅಥವಾ 1/100ರಲ್ಲಿ ಇಡುವುದು (ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ), ಇಂಥದ್ದನ್ನೆಲ್ಲ ಕೇಳಿದವರಿಗೆ ಹೇಳಿಕೊಡುತ್ತಾರೆ. ಯಾವ ಮನೆಯ ಅಂಗಳದಲ್ಲಿ ಎಲ್ಲಿ ನಿಲ್ಲಬಹುದು ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.

ದುಡ್ಡು? ಪತ್ರಿಕೆಗಳು ಕೊಟ್ಟದ್ದು ಒಂದು ಚಿತ್ರಕ್ಕೆ ಪೆಟ್ರೋಲ್ ಖರ್ಚು ಹುಟ್ಟುವಷ್ಟು, ಅದೂ ಕೇಳಿ ಕೇಳಿ. 2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಸತ್ತಾಗ ಇವರು ವರ್ಷಗಳ ಹಿಂದೆ ತೆಗೆದ ಚಿತ್ರ ಊರಿಡೀ ಓಡಾಡಿತು. ವಾಟ್ಸಾಪ್, ಟಿ.ವಿ., ಫ್ಲೆಕ್ಸ್, ಎಲ್ಲ ಕಡೆ. ಒಂದರಲ್ಲೂ ಹೆಸರಿಲ್ಲ. ಇವರು ಕಾನೂನು ಮಾತಾಡಲು ಹೋಗಲಿಲ್ಲ. "ಮೊಸಳೆ ಸತ್ತ ದಿನ ದುಡ್ಡು ಕೇಳುವುದು ಸರಿ ಕಾಣಲಿಲ್ಲ" ಅಂದರು. ನನ್ನ ಪ್ರಕಾರ ದುಡ್ಡು ಬೇಡವಾದರೆ ಬೇಡ, ಹೆಸರಾದರೂ ಕೇಳಬೇಕಿತ್ತು. ಕಾಪಿರೈಟ್ ಕಾನೂನಿನ 57ನೇ ಸೆಕ್ಷನ್ ಪ್ರಕಾರ ಇದು ನನ್ನ ಕೆಲಸ ಅಂತ ಹೇಳಿಕೊಳ್ಳುವ ಹಕ್ಕು, ಚಿತ್ರವನ್ನು ಮಾರಿದ ಮೇಲೂ ತೆಗೆದವನದ್ದೇ.

ಇವರ ಬದುಕಿನಲ್ಲಿ ಇನ್ನೊಂದು ತಿರುವು ಇದೆ. ಪೆರ್ಲದ ಪಕ್ಕದ ಪಡ್ರೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಹೆಸರಾದ ಊರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಷೇಧಿಸಿದ್ದು ಎಲ್ಲರಿಗೂ ಗೊತ್ತು. ಮಲಯಾಳ ಪತ್ರಿಕೆ ಮಾತೃಭೂಮಿಯ ಮಧುರಾಜ್ ತೆಗೆದ ಚಿತ್ರಗಳು ಆ ವಿಷಕ್ಕೆ ಸಿಕ್ಕಿದ ಮಕ್ಕಳ ಸ್ಥಿತಿಯನ್ನು ಕೇರಳಕ್ಕೆಲ್ಲ ಕಾಣಿಸಿದವು. ಆ ಚಿತ್ರಗಳಿಂದ ಆದ ಉಪಕಾರ ದೊಡ್ಡದು. ಆದರೆ ಆಮೇಲೆ ಹೊರಗಿನಿಂದ ಬರುವ ಕ್ಯಾಮೆರಾಗಳಿಗೆ ಲೆಕ್ಕವೇ ಇರಲಿಲ್ಲ. ಊರು ಗೊತ್ತಿರುವ, ತುಳು-ಕನ್ನಡ-ಮಲಯಾಳ ಮೂರೂ ಬರುವ ಇವರನ್ನು ಮನೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ದಿನಕ್ಕೆ ಒಳ್ಳೇ ಸಂಬಳ, ನೇಮದ ಫೋಟೋದಿಂದ ಎಂದೂ ಬಾರದಷ್ಟು. ಒಂದು ಮನೆಯಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದು, ಯಾರೂ ಹೇಳದೆಯೇ ಕಿಟಕಿಯ ಬೆಳಕಿಗೆ ಕೂರಿಸಿದರಂತೆ. ಎಲ್ಲಿ ಕೂರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಆ ತಾಯಿಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು. ಆ ಕೆಲಸ ಇವರು ಅಲ್ಲಿಗೇ ಬಿಟ್ಟರು.

ಈಗ ಇವರ ಹೊಟ್ಟೆಪಾಡು ಹಳೇ ಕಾಗದ, ತಾಳೆಗರಿ, ಹಳೇ ಫೋಟೋಗಳನ್ನು ಕ್ಯಾಮೆರಾದಲ್ಲಿ ಪ್ರತಿ ಮಾಡಿಕೊಡುವುದು. ಮಠ, ಮನೆತನ, ಗ್ರಂಥಾಲಯ, ಸಂಶೋಧನೆ ಮಾಡುವವರು ಕರೆಯುತ್ತಾರೆ. ಕ್ಯಾಮೆರಾ ನೇರ ಕೆಳಗೆ ನೋಡುವ ಹಾಗೆ ಸ್ಟ್ಯಾಂಡ್, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಲೈಟು, ಹೊಳಪು ಕೊಲ್ಲಲು ಲೈಟಿಗೂ ಲೆನ್ಸಿಗೂ ಪೋಲರೈಸರ್. ದಿನವಿಡೀ ಬಗ್ಗಿ ನಿಂತು ಗರಿ ತಿರುವಿ ಹಾಕುವುದು. ಬೇಜಾರಿನ ಕೆಲಸ ಅಂತ ನನಗನಿಸಿತು. ಅವರಿಗೆ ಹಾಗನಿಸುವುದಿಲ್ಲ. ಮನೆಯವರು ಪೂಜೆಗೆ ಮಾತ್ರ ಹೊರಗೆ ತೆಗೆಯುವ ಕಟ್ಟನ್ನು ತನ್ನ ಕೈಗೆ ಕೊಡುತ್ತಾರಲ್ಲ, ಅದೇ ದೊಡ್ಡದು ಅನ್ನುತ್ತಾರೆ.

ಇನ್ನು ನಾಲ್ಕನೆಯವರು. ಈ ಪ್ರಕರಣ ಬರೆಯಬೇಕು ಅಂತ ನನಗೆ ಅನಿಸಿದ್ದೇ ಇವರಿಂದ.

ಬದಿಯಡ್ಕದ ಕಡೆಯ ಹುಡುಗಿ. 2009ರಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಆಲ್ಬಂ ಡಿಸೈನಿಂಗಿಗೆ ಅಂತ ಸ್ಟುಡಿಯೋಗೆ ಬಂದರು. ಕ್ಯಾಮೆರಾ ಮುಟ್ಟುವ ಮಾತೇ ಇರಲಿಲ್ಲ. 12×36 ಇಂಚಿನ ಶೀಟು, ಒಂದು ಶೀಟಿಗೆ ಇಷ್ಟು ರೂಪಾಯಿ. ಮದುವೆಯಾದ ಮೇಲೆ ಮನೆಯಿಂದಲೇ ಮಾಡುತ್ತಿದ್ದರು, ಉಪ್ಪಳ, ಮಂಗಳೂರು, ಗಲ್ಫ್, ಎಲ್ಲೆಲ್ಲಿಂದಲೋ ಫೋಟೋ ಬರುತ್ತಿತ್ತು. ಸಾವಿರಾರು ಮದುವೆ ಫೋಟೋ ನೋಡಿ ನೋಡಿ ಎಲ್ಲಿ ತಪ್ಪಾಗುತ್ತದೆ ಅಂತ ಅವರಿಗೆ ಗೊತ್ತಾಗಿಬಿಟ್ಟಿತ್ತು. ಧಾರೆ ಎರೆಯುವ ಹೊತ್ತಿಗೆ ಪುರೋಹಿತರ ಬೆನ್ನು ಬರುವುದು, ಗುಲಾಬಿ ಗೋಡೆಗೆ ಫ್ಲ್ಯಾಶ್ ಹೊಡೆದು ಎಲ್ಲರ ಮುಖ ಗುಲಾಬಿಯಾಗುವುದು, ಅಜ್ಜಿಯ ಒಂದು ಫೋಟೋವೂ ಇಲ್ಲದಿರುವುದು.

2015ರಲ್ಲಿ ಒಂದು ಮುಸ್ಲಿಂ ಮನೆಯವರು ಸ್ಟುಡಿಯೋಗೆ ಬಂದು ಮೈಲಾಂಜಿ (ಮದುಮಗಳಿಗೆ ಮೆಹೆಂದಿ ಹಚ್ಚುವ) ರಾತ್ರಿಗೆ ಹೆಂಗಸರು ಯಾರಾದರೂ ಇದ್ದಾರಾ ಅಂತ ಕೇಳಿದರು. ನಿಕಾಹ್ ಫೋಟೋಗೆ ಗಂಡಸರು ಸಾಕು. ಹೆಂಗಸರ ಕಡೆ, ಒಪ್ಪನ ಹಾಡಿಗೆ ಕೈ ತಟ್ಟುವಲ್ಲಿ, ಮದುಮಗಳು ತಲೆಗೂದಲು ಬಿಟ್ಟು ಕೂತಿರುವಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ಅಲ್ಲಿ ಹಾಗಾದರೆ ಯಾರು ಫೋಟೋ ತೆಗೆಯುತ್ತಿದ್ದರು? ಯಾರೂ ಇಲ್ಲ. ಯಾರದ್ದೋ ಮೊಬೈಲು. ಸ್ಟುಡಿಯೋದಣ್ಣ ಇವರಿಗೆ ಫೋನ್ ಮಾಡಿ, "ಒಂದು ಕ್ಯಾಮೆರಾ ಕೊಡುತ್ತೇನೆ, ಹೋಗಿ ಬಾರವ್ವ, ನಿನಗೆ ಎಲ್ಲ ಗೊತ್ತುಂಟು" ಅಂದರು. ಗಂಡನ ಮನೆಯಲ್ಲಿ ಒಂದಿಷ್ಟು ಮಾತಾಯಿತು. ಅತ್ತೆಯೇ ಜೊತೆಗೆ ಬಂದು ಮಂಚದ ಮೇಲೆ ಕೂತು ಬಿರಿಯಾನಿ ತಿಂದು ಬಂದ ಮೇಲೆ ಮಾತು ನಿಂತಿತು.

ಫೋಟೋ ಎಲ್ಲ ಚೆನ್ನಾಗಿಯೇ ಬಂತು. ಆಲ್ಬಂ ಮಾಡಲು ಹೊರಟಾಗ ಮದುಮಗಳ ಅಜ್ಜಿ ಒಂದು ಪ್ರಶ್ನೆ ಕೇಳಿದರು. "ಇದನ್ನು ಪ್ರಿಂಟ್ ಮಾಡುವ ಕಡೆ ನೋಡುವುದು ಯಾರು?" ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಲ್ಯಾಬಿನಲ್ಲಿ ಕಲರ್ ಸರಿ ಮಾಡುವವರು ಗಂಡಸರು, ಶೀಟು ಕತ್ತರಿಸುವವರು ಗಂಡಸರು, ಬೈಂಡ್ ಮಾಡುವವರು ಗಂಡಸರು. ಹೆಂಗಸರೇ ಫೋಟೋ ತೆಗೆದರೂ ಲ್ಯಾಬಿನಲ್ಲಿ ಎಲ್ಲ ಬಯಲಾಗುತ್ತಿತ್ತು.

ಆಗ ಇವರು ಮಾಡಿದ ಕೆಲಸ ನೋಡಿ. ಸಾಲ ಮಾಡಿ ಒಂದು ಒಳ್ಳೇ ಇಂಕ್‌ಜೆಟ್ ಪ್ರಿಂಟರ್ ತಂದು ಮನೆಯ ಒಂದು ಕೋಣೆಯಲ್ಲಿ ಇಟ್ಟರು. ಹೆಂಗಸರ ಕಡೆಯ ಫೋಟೋಗಳು ಆ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಪ್ರಿಂಟ್ ಇಲ್ಲೇ, ಅಂಟಿಸುವುದು ಇಲ್ಲೇ, ಆಲ್ಬಂ ಕೂಡ ಎರಡು: ಗಂಡಸರೂ ನೋಡುವಂಥದ್ದು ಲ್ಯಾಬಿನದ್ದು, ಇದು ಮನೆಯದ್ದು. ಆಲ್ಬಂ ಒಪ್ಪಿದ ಮೇಲೆ ಪೆನ್‌ಡ್ರೈವ್ ಮನೆಯವರ ಕೈಗೆ ಕೊಟ್ಟು, ತನ್ನ ಕಂಪ್ಯೂಟರಿನಲ್ಲಿದ್ದ ಫೋಟೋ, ಹಾರ್ಡ್‌ಡಿಸ್ಕಿನಲ್ಲಿದ್ದ ಪ್ರತಿ ಎರಡನ್ನೂ ಅವರ ಎದುರೇ ಅಳಿಸುತ್ತಾರೆ. ಪ್ರಿಂಟರಿನ ಇಂಕಿನ ಖರ್ಚು ನೋಡಿ ನಾನು ಮೊದಲ ವರ್ಷ ಇದು ನಡೆಯುವ ಮಾತಲ್ಲ ಅಂದಿದ್ದೆ. ಲ್ಯಾಬಿಗಿಂತ ದುಬಾರಿ ಬೀಳುತ್ತಿತ್ತು. ಅವರು ರೇಟ್ ಏರಿಸಿದರು. ಒಬ್ಬರೂ ಚೌಕಾಸಿ ಮಾಡಲಿಲ್ಲ.

ಕಾಸರಗೋಡು, ಚೆರ್ಕಳ, ಉಪ್ಪಳ, ಗಡಿಯಾಚೆ ತೊಕ್ಕೊಟ್ಟು, ದೇರಳಕಟ್ಟೆ, ಎಲ್ಲ ಕಡೆ ಈಗ ಅವರು ಫೋಟೋ ಚೇಚಿ, ಅಂದರೆ ಫೋಟೋ ಅಕ್ಕ. ಫೋನ್ ಎತ್ತಿದರೆ ಆ ಕಡೆಯಿಂದ ಹೆಂಗಸರ ದನಿ. ಕೈ ಕೆಳಗೆ ಇಬ್ಬರು ಹುಡುಗಿಯರು. ಮಂಗಳೂರಿನ ಆರ್ಡರ್ ತೆಗೆದುಕೊಂಡರೆ ಜಿ.ಎಸ್.ಟಿ. ತೊಂದರೆಯಾ ಅಂತ ಒಮ್ಮೆ ಹೆದರಿದ್ದರು. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಬೇರೆ ರಾಜ್ಯದಲ್ಲಿ ಕೆಲಸ ಮಾಡಿದರೂ ನೋಂದಣಿ ಕಡ್ಡಾಯವಲ್ಲ, 2017ರ ಅಕ್ಟೋಬರಿನಿಂದಲೇ ಹಾಗೆ. ಗಡಿಯಲ್ಲಿರುವ ಎಷ್ಟೋ ಫೋಟೋಗ್ರಾಫರ್‌ಗಳಿಗೆ ಇದು ಗೊತ್ತಿಲ್ಲದೆ ಸುಮ್ನೆ ಆರ್ಡರ್ ಬಿಡುತ್ತಾರೆ. ಅದಕ್ಕೆ ಇಲ್ಲಿ ಹೇಳಿದೆ.

ಇವರದ್ದೊಂದು ವಿಚಿತ್ರ ಇದೆ. ಇವರ ಒಳ್ಳೆಯ ಕೆಲಸ ಯಾರಿಗೂ ಕಾಣುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿರುವುದು ಹಸುಗೂಸುಗಳ ಫೋಟೋ, ಕೈಯ ಮೆಹೆಂದಿ, ಹೂವು, ಅಷ್ಟೇ. ಸ್ಪರ್ಧೆಗೆ ಕಳಿಸುವ ಹಾಗಿಲ್ಲ, ಪ್ರದರ್ಶನ ಇಡುವ ಹಾಗಿಲ್ಲ. ಈ ಕಸುಬಿಗೆ ಬರುವವರಿಗೆ ಎಲ್ಲರೂ ಹೇಳುವ ಮೊದಲ ಮಾತು ಪೋರ್ಟ್‌ಫೋಲಿಯೋ ಮಾಡಿಕೊಳ್ಳಿ ಅಂತ. ಇವರಿಗೆ ಸಿಗುವ ಆರ್ಡರುಗಳು ಬರುವುದೇ ಪೋರ್ಟ್‌ಫೋಲಿಯೋ ತೋರಿಸದ್ದರಿಂದ. ಒಮ್ಮೆ ಒಬ್ಬರು ಮದುವೆಗೆ ಬುಕ್ ಮಾಡುವ ಮೊದಲು ಬೇರೆ ಮನೆಯ ಮೈಲಾಂಜಿ ಆಲ್ಬಂ ತೋರಿಸಿ ಅಂದರಂತೆ. ಇಲ್ಲ ಅಂದರು. "ಹಾಗಾದರೆ ನಮ್ಮದನ್ನೂ ಯಾರಿಗೂ ತೋರಿಸುವುದಿಲ್ಲ ಅಂತಾಯಿತು" ಅಂತ ಅಲ್ಲೇ ಅಡ್ವಾನ್ಸ್ ಕೊಟ್ಟರು.

ಬೇಸರ ಇಲ್ಲವಾ ಅಂತ ನಾನು ಕೇಳಿದ್ದೇನೆ. ಇದೆ ಅಂದರು. ಒಂದು ಫೋಟೋ ಇತ್ತಂತೆ, ಮದುಮಗಳ ತಲೆಗೆ ಎಣ್ಣೆ ಹಚ್ಚುತ್ತಿರುವ ಅಜ್ಜಿ, ಹಿಂದೆ ಗೋಡೆಗೆ ಒರಗಿ ನಿದ್ದೆ ಹೋದ ಪುಟ್ಟ ಹುಡುಗಿ, ಕೈಯಲ್ಲಿ ಅರ್ಧ ತಿಂದ ಹಲ್ವ. ತಾನು ತೆಗೆದದ್ದರಲ್ಲೇ ಚೆಂದದ್ದು. ಅದನ್ನೂ ಅಳಿಸಿದರು. ನನಗೆ ಹೇಳಿದ್ದೂ ಫೋಟೋದಲ್ಲಿ ಏನಿತ್ತು ಅಂತ ಮಾತ್ರ, ಮನೆ ಯಾರದ್ದು ಅಂತ ಹೇಳಲಿಲ್ಲ.

ಈಗ ಮತ್ತೆ ಹೆದ್ದಾರಿಯ ವಿಷಯಕ್ಕೆ ಬರೋಣ. ಸ್ಟುಡಿಯೋ ಖಾಲಿ ಮಾಡುವಾಗ ಅಟ್ಟದಿಂದ ಇಳಿದದ್ದು ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿದ್ದ ನೆಗೆಟಿವ್‌ಗಳು. 1989ರಿಂದ 2004ರವರೆಗಿನದ್ದು. ಆ ವರ್ಷ ಅವರು ನಿಕಾನ್ ಡಿ70 ತೆಗೆದುಕೊಂಡರು, ಆರು ಮೆಗಾಪಿಕ್ಸೆಲ್, ರೋಲಿನ ಕಾಲ ಅಲ್ಲಿಗೆ ಮುಗಿಯಿತು. ನಮ್ಮ ಮಳೆಗಾಲಕ್ಕೆ ಲೆನ್ಸಿನೊಳಗೇ ಬೂಷ್ಟು ಹಿಡಿಯುತ್ತದೆ. ಲೆನ್ಸನ್ನು ಅವರು ಬಲ್ಬು ಉರಿಸಿಟ್ಟ ಪೆಟ್ಟಿಗೆಯಲ್ಲಿ ಕಾಪಾಡಿದ್ದರು, ನೆಗೆಟಿವ್‌ಗೆ ಆ ಭಾಗ್ಯ ಇರಲಿಲ್ಲ. ಕೆಲವು ಒಂದಕ್ಕೊಂದು ಅಂಟಿ ಹೋಗಿದ್ದವು, ಕಲರಿನವು ಮಾಸಿದ್ದವು, ಕಪ್ಪುಬಿಳುಪು ಹೆಚ್ಚಿನವು ಗಟ್ಟಿಯಾಗಿದ್ದವು.

ಮೊಗ್ರಾಲಿನವನು ಬಂದು ನೋಡಿ, "ಏಟ್ಟಾ, ಹಳೇ ಡಬ್ಬದಲ್ಲಿ ದುಡ್ಡಿಲ್ಲ, ನನ್ನ ಜೊತೆ ಬನ್ನಿ, ಕೂತು ಮಾಡುವ ಕೆಲಸ ಕೊಡುತ್ತೇನೆ" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದದ್ದು. ಪೆರ್ಲದವರು ಮಾತಾಡದೆ ಡಬ್ಬಗಳನ್ನು ಕಾರಿಗೆ ಹಾಕಿಕೊಂಡರು. ಲೈಟ್ ಪ್ಯಾನಲ್ ಮೇಲೆ ನೆಗೆಟಿವ್ ಇಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ಒಂದೊಂದಾಗಿ ತೆಗೆಯತೊಡಗಿದರು.

ಅದರಲ್ಲಿ ಸಿಕ್ಕಿದ್ದು 1992ರ ಮಧೂರು ದೇವಸ್ಥಾನದ ಮೂಡಪ್ಪ ಸೇವೆಯ ಕೆಲವು ರೋಲ್. ಗಣಪತಿಯ ವಿಗ್ರಹವನ್ನು ಅಪ್ಪದಲ್ಲೇ ಮುಚ್ಚುವ ಆ ಸೇವೆ ಆಮೇಲೆ ನಡೆದದ್ದು 2025ರಲ್ಲಿ, ಬ್ರಹ್ಮಕಲಶದ ಜೊತೆಗೆ. ಆ ಹೊತ್ತಿಗೆ ಹಳೇ ಫೋಟೋ ಇದೆಯಾ ಅಂತ ಕೇಳದವರಿಲ್ಲ. ಸ್ಮರಣ ಸಂಚಿಕೆಯವರು, ಯೂಟ್ಯೂಬಿನವರು, ಅಂದು ಸ್ವಯಂಸೇವಕರಾಗಿದ್ದವರ ಮಕ್ಕಳು. "ಆ ಸಾಲಿನಲ್ಲಿ ನಮ್ಮ ಅಪ್ಪ ಇರಬೇಕು, ಒಮ್ಮೆ ದೊಡ್ಡದು ಮಾಡಿ ನೋಡಿ" ಅಂತ ಬಂದವರೇ ಜಾಸ್ತಿ.

ದುಡ್ಡು ಬರುವ ಹಾಗಾದಾಗ ಹಕ್ಕು ಯಾರದ್ದು ಅಂತ ತಲೆನೋವು ಶುರುವಾಯಿತು. ನಾನು ಕಾನೂನಿನ ಪುಸ್ತಕ ತೆಗೆದು ಕೂತೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದೇ. ಅಂದರೆ ಆ ಡಬ್ಬದಲ್ಲಿದ್ದ ಮದುವೆಗಳೆಲ್ಲ ಆಯಾ ಮನೆಯವರದ್ದು. ನೆಗೆಟಿವ್ ಇವರ ಹತ್ತಿರ ಇದೆ ಅಂತ ಮಾರುವ ಹಾಗಿಲ್ಲ. ಸಂಬಳಕ್ಕಿದ್ದ ಸಹಾಯಕ ಕೆಲಸದ ಭಾಗವಾಗಿ ತೆಗೆದದ್ದು, ಗಿರಾಕಿ ದುಡ್ಡು ಕೊಟ್ಟು ತೆಗೆಸಿದ್ದಲ್ಲದಿದ್ದರೆ, ಯಜಮಾನರದ್ದು, ಹಾಗಾಗಿ ಪೆರ್ಲದವರು ಸ್ಟುಡಿಯೋದಲ್ಲಿದ್ದಾಗ ಆರ್ಡರಿಗೆ ಹೋಗಿ ತೆಗೆದ ಚಿತ್ರಗಳ ಮೇಲೆ ಅವರಿಗೆ ಹೆಸರು ಹೇಳಿಕೊಳ್ಳುವ ಹಕ್ಕು ಇದೆ, ಒಡೆತನ ಇಲ್ಲ. ರಜೆ ಹಾಕಿ ಚೌಕಿಗೆ ಹೋಗಿ ತೆಗೆದದ್ದು ಅವರದ್ದೇ. 1992ರ ಮೂಡಪ್ಪ ಯಾರೂ ಹೇಳದೆ, ಸ್ವಂತ ರೋಲ್ ಹಾಕಿ, ಭಕ್ತಿಗೆ ಅಂತ ತೆಗೆದದ್ದು. ಅದು ಪೂರ್ತಿ ಸ್ಟುಡಿಯೋದಣ್ಣನದ್ದು.

ಇದನ್ನೆಲ್ಲ ಕೇಳಿ ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಮಾಡಿದ್ದು ಹೀಗೆ. ಮದುವೆ ನೆಗೆಟಿವ್ ಕೇಳಿ ಬಂದ ಮನೆಯವರಿಗೆ ಸ್ಕ್ಯಾನ್ ಮಾಡಿದ ಕೂಲಿ ಮಾತ್ರ ತೆಗೆದುಕೊಂಡು ಕೊಡುವುದು, ಹೊರಗಿನವರು ಎಷ್ಟು ಕೇಳಿದರೂ ಇಲ್ಲ. ಮೂಡಪ್ಪದ ಚಿತ್ರ ಅಚ್ಚು ಹಾಕುವವರಿಗೆ ಒಂದು ರೇಟ್, ಕೆಳಗೆ ಹೆಸರು ಹಾಕಬೇಕು ಅಂತ ಕಾಗದದಲ್ಲಿ ಬರೆದು ಸಹಿ. ಅಪ್ಪನನ್ನು ಹುಡುಕಿ ಬಂದವರಿಗೆ ಒಂದು ಪ್ರಿಂಟ್ ಪುಕ್ಕಟೆ. ಕೊನೆಯದು ಬೇಡ ಅಂತ ನಾನು ಹೇಳಿದ್ದೆ. ನನ್ನ ಮಾತು ಕೇಳಲಿಲ್ಲ, ಕೇಳದ್ದು ಒಳ್ಳೆಯದೇ ಆಯಿತು. ಪುಕ್ಕಟೆ ಪ್ರಿಂಟಿಗೆ ಬಂದವರಲ್ಲಿ ಎಷ್ಟೋ ಜನ ಮನೆಯ ಹಳೇ ಆಲ್ಬಂ ತಂದು ಸರಿ ಮಾಡಲು ಕೊಟ್ಟು ಹೋದರು.

ಹೊಸ ಕೌಂಟರ್ ಹಾಕಲಿಲ್ಲ. ಮನೆಯ ಜಗಲಿಯ ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ. ಪಾಸ್‌ಪೋರ್ಟ್ ಫೋಟೋ ಇಲ್ಲ, ಅದರ ಆದಾಯ ಪೂರ್ತಿ ಹೋಯಿತು. ಮದುವೆಗೆ ಹೋಗುವುದೂ ಕಡಿಮೆ, ಮೊಣಕಾಲು ನೋವು. ತೀರಿಕೊಂಡವರ ಫೋಟೋ, ಹಳೇ ಫೋಟೋ ರಿಪೇರಿ, ಕಮಿಟಿಗಳ ಕೆಲಸ, ಇಷ್ಟರಲ್ಲಿ ಗಂಡಹೆಂಡತಿ ಇಬ್ಬರ ಸಂಸಾರ ಸಾಗುತ್ತದೆ, ಉಳಿತಾಯ ಆಗುವುದಿಲ್ಲ. ಮಳೆಗಾಲದ ಮೂರು ತಿಂಗಳು ಇವತ್ತಿಗೂ ಕಷ್ಟವೇ. ಫೋಟೋ ಚೇಚಿ ತನ್ನ ಮನೆಯ ಪ್ರಿಂಟರಿನಲ್ಲಿ ಅವರ ಫ್ರೇಮ್ ಪ್ರಿಂಟ್‌ಗಳನ್ನು ಇಂಕಿನ ಖರ್ಚಿಗೆ ಮಾಡಿಕೊಡುತ್ತಾರೆ. ಬದಲಿಗೆ ಸ್ಟುಡಿಯೋದ ಹಳೇ ಬೋರ್ಡು, ಹಳೇ ಫೋನ್ ನಂಬರು ಎರಡೂ ಈಗ ಚೇಚಿಯ ಹತ್ತಿರ. ಆ ನಂಬರಿಗೆ ದಿನಾ ಯಾರಾದರೂ ಫೋನ್ ಮಾಡುತ್ತಾರೆ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೀರಾ ಅಂತ. ಬದಿಯಡ್ಕದಲ್ಲಿ ಒಂದು ಸಣ್ಣ ಕೋಣೆ ಹಿಡಿದು ಆ ಕೆಲಸವನ್ನೇ ತನ್ನ ಇಬ್ಬರು ಹುಡುಗಿಯರಿಗೆ ವಹಿಸಬಹುದಾ ಅಂತ ಅವರು ನನ್ನನ್ನು ಕೇಳಿದ್ದಾರೆ. ಬಾಡಿಗೆ, ಕರೆಂಟು, ಮುಂಗಡ ಎಲ್ಲ ಹಾಕಿ ನೋಡುತ್ತಿದ್ದೇನೆ. ದಿನಕ್ಕೆ ಎಷ್ಟು ಜನ ಬಂದರೆ ಗಿಟ್ಟುತ್ತದೆ ಅನ್ನುವುದು ಪಕ್ಕದಲ್ಲಿ ಅಕ್ಷಯ ಕೇಂದ್ರ ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ.